ಕುದಿಸಿದರೂ ಹೋಗದ ದೋಷ

ಎಂಟು ವರ್ಷಗಳ ಹಿಂದಿನ ಮಾತು. ಮಳೆಗಾಲ ಮುಗಿದು ಕಾರ್ತಿಕದ ಚಳಿ ಆರಂಭವಾಗುತ್ತಿದ್ದ ದಿನಗಳಲ್ಲಿ ಹತ್ತಿರದ ಹಳ್ಳಿಯ ವೃದ್ಧೆಯೊಬ್ಬರು ನಮ್ಮ ಚಿಕಿತ್ಸಾಲಯಕ್ಕೆ ಬಂದರು. ಅವರು ಶ್ರೀಮಠದ ಭಕ್ತರೇ. ಪ್ರತಿ ಅಮಾವಾಸ್ಯೆಗೆ ತಪ್ಪದೆ ಬಂದು ದಾಸೋಹದ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ತಾಯಿ. ಕೈಯಲ್ಲೊಂದು ಸ್ಟೀಲ್ ತಂಬಿಗೆಯಿತ್ತು, ಅದರ ಬಾಯಿಗೆ ಬಿಳಿಯ ಬಟ್ಟೆ ಕಟ್ಟಿತ್ತು.

“ಶರಣ್ರೀ ಡಾಕ್ಟ್ರೇ. ನಮ್ಮ ಬಾವಿ ನೀರು ತಂದೀನಿ, ಒಂದೀಟು ನೋಡ್ರಿ. ಮಗಳು ಬಾಣಂತನಕ್ಕೆ ಬಂದಾಳೆ. ಕೂಸಿಗೆ ಎದೆಹಾಲು ಸಾಲವಲ್ದು, ಪುಡಿ ಹಾಲು ಕಲಸಿ ಕೊಡ್ತೀವಿ. ಆ ಕಸದ ಗುಂಡಿ ಮಗ್ಗುಲಲ್ಲೇ ಬಾವಿ ಐತಿ ನೋಡ್ರಿ, ಮನಸ್ಸಿಗೆ ಯಾಕೋ ಅಳುಕು.”

ನಾವು ನೀರನ್ನು ಗಾಜಿನ ಲೋಟಕ್ಕೆ ಬಗ್ಗಿಸಿ ಬೆಳಕಿಗೆ ಹಿಡಿದೆವು. ತಿಳಿಯಾಗಿತ್ತು. ಮೂಸಿದೆವು, ವಾಸನೆಯಿರಲಿಲ್ಲ. ನಾಲಿಗೆಗೆ ಒಂದು ಹನಿ ಹಾಕಿಕೊಂಡೆವು. ತುಸು ಸಪ್ಪೆಯುಪ್ಪು, ನಮ್ಮ ಸೀಮೆಯ ಬಾವಿಗಳಿಗೆ ಅದೇನು ಹೊಸದಲ್ಲ. “ನೀರು ಚೆನ್ನಾಗಿಯೇ ಇದೆ ತಾಯಿ. ಆದರೂ ಕೂಸಿಗೆ ಕೊಡುವುದನ್ನು ಅರ್ಧಕ್ಕೆ ಇಳಿಯುವವರೆಗೆ ಕುದಿಸಿ, ಆರಿಸಿ, ಸೋಸಿ ಕೊಡಿ” ಎಂದು ಹೇಳಿ ಕಳುಹಿಸಿದೆವು. ಹಾಗೆ ಹೇಳುವಾಗ ನಮಗೆ ಎಳ್ಳಷ್ಟೂ ಸಂಶಯವಿರಲಿಲ್ಲ. ಕಾಯಿಸಿ ಅರ್ಧಕ್ಕಿಳಿಸಿದ ನೀರು ಲಘುವೆಂದೂ ಪಥ್ಯವೆಂದೂ ನಮ್ಮ ಗ್ರಂಥಗಳು ಹೇಳುತ್ತವೆ; ಮೂವತ್ತು ವರ್ಷಗಳಿಂದ ನಾವೂ ಅದನ್ನೇ ಹೇಳುತ್ತ ಬಂದಿದ್ದೆವು.

ಹದಿನೈದು ದಿನಗಳಲ್ಲಿ ಆ ತಾಯಿಯ ಅಳಿಯ ಬಂದ. ಬಿಸಿರಕ್ತದ ಹುಡುಗನಾದರೂ ಮಾತಿನಲ್ಲಿ ವಿನಯವಿತ್ತು. ಅದೇ ಬಾವಿಯ ನೀರನ್ನು ಜಿಲ್ಲಾ ಪ್ರಯೋಗಾಲಯಕ್ಕೆ ಒಯ್ದು ಪರೀಕ್ಷೆ ಮಾಡಿಸಿದ್ದ. ವರದಿಯನ್ನು ಮೇಜಿನ ಮೇಲಿಟ್ಟು ಸುಮ್ಮನೆ ಕುಳಿತ. ರೋಗಾಣುಗಳ ಕಲಮಿನಲ್ಲಿ ದೋಷವೇನೂ ಇರಲಿಲ್ಲ. ಆದರೆ ಕ್ಲೋರೈಡು ಏರಿತ್ತು, ನೈಟ್ರೇಟು ಲೀಟರಿಗೆ 45 ಮಿಲಿಗ್ರಾಮಿನ ಮಿತಿಯನ್ನು ಬಹುದೂರ ದಾಟಿತ್ತು. ಅಂದರೆ, ಕುದಿಸಿದರೆ ಹೋಗುವ ದೋಷ ಯಾವುದೋ ಅದು ಆ ನೀರಿನಲ್ಲಿ ಇರಲಿಲ್ಲ. ಕುದಿಸಿದರೆ ಹೆಚ್ಚುವ ದೋಷ ಯಾವುದೋ ಅದೇ ಇತ್ತು.

ನೈಟ್ರೇಟು ಆವಿಯಾಗಿ ಹೋಗುವ ಪದಾರ್ಥವಲ್ಲ. ನೀರು ಅರ್ಧಕ್ಕಿಳಿದರೆ ಉಳಿದರ್ಧದಲ್ಲಿ ಅದರ ಪ್ರಮಾಣ ಇಮ್ಮಡಿಯಾಗುತ್ತದೆ. ಆರು ತಿಂಗಳೊಳಗಿನ ಶಿಶುವಿನ ಹೊಟ್ಟೆಯಲ್ಲಿ ಅದು ನೈಟ್ರೈಟಾಗಿ ಮಾರ್ಪಟ್ಟು ರಕ್ತವನ್ನು ಸೇರಿ, ರಕ್ತವು ಪ್ರಾಣವಾಯುವನ್ನು ಹೊರುವ ಶಕ್ತಿಯನ್ನೇ ಕುಂದಿಸುತ್ತದೆ. ಶಿಶುವಿನ ತುಟಿ, ಉಗುರು ನೀಲಿಗಟ್ಟುತ್ತವೆ, ಮೀರಿದರೆ ಪ್ರಾಣಾಪಾಯ. ಎದೆಹಾಲು ಕುಡಿಯುವ ಶಿಶುವಿಗಿಂತ ನೀರಿನಲ್ಲಿ ಕಲಸಿದ ಪುಡಿ ಹಾಲು ಕುಡಿಯುವ ಶಿಶುವಿಗೆ ಈ ಭಯ ಬಹಳ ಹೆಚ್ಚು. ನಾವು ಸಲಹೆ ಕೊಟ್ಟದ್ದು ಅಂತಹ ಶಿಶುವಿನ ಮನೆಗೆ. ಅಳಿಯ ವರದಿ ಕೈಗೆ ಬಂದ ದಿನವೇ ನೀರು ಬದಲಿಸಿದ್ದರಿಂದ ಕೂಸು ಉಳಿಯಿತು, ಈಗ ಶಾಲೆಗೆ ಹೋಗುತ್ತಿದೆ. ಆ ಪುಣ್ಯ ಅವನದು, ನಮ್ಮದಲ್ಲ. ಈ ಲೇಖನ ಬರೆಯಲು ಅದೇ ಕಾರಣ. ಈ ಪತ್ರಿಕೆಯ ಆರೋಗ್ಯ ವಿಭಾಗದಲ್ಲಿ ಹಲವು ಬಾರಿ ನೀರನ್ನು ಕುದಿಸಿ ಕುಡಿಯಿರೆಂದು ಬರೆದವರು ನಾವು. ಆ ಮಾತಿಗೆ ಇರುವ ಎಲ್ಲೆಯನ್ನು ಹೇಳುವ ಹೊಣೆಯೂ ನಮ್ಮದೇ.

ಆಯುರ್ವೇದಕ್ಕೆ ಈ ಎಲ್ಲೆ ತಿಳಿದಿರಲಿಲ್ಲವೆಂದು ಯಾರೂ ತಿಳಿಯಬಾರದು. ಸುಶ್ರುತ ಸಂಹಿತೆಯು ನೀರಿನ ದೋಷಗಳನ್ನು ಆರೆಂದು ಎಣಿಸುತ್ತದೆ: ಸ್ಪರ್ಶ, ರೂಪ, ರಸ, ಗಂಧ, ವೀರ್ಯ, ವಿಪಾಕ. ಮೊದಲ ನಾಲ್ಕು ಇಂದ್ರಿಯಗಳಿಗೆ ತಿಳಿಯುವಂಥವು. ಕೊನೆಯ ಎರಡು ಕುಡಿದ ಮೇಲೆ ದೇಹದಲ್ಲಿ ಮಾತ್ರ ತಿಳಿಯುವಂಥವು. ನಾವು ಆ ದಿನ ಲೋಟವನ್ನು ಬೆಳಕಿಗೆ ಹಿಡಿದು ನಾಲ್ಕನ್ನು ನೋಡಿ ಆರನ್ನೂ ನೋಡಿದೆವೆಂದು ಭಾವಿಸಿದೆವು. ಪ್ರಯೋಗಾಲಯದ ವರದಿ ಎಂಬುದು ಉಳಿದೆರಡನ್ನು ಕುಡಿಯುವುದಕ್ಕೆ ಮೊದಲೇ ತಿಳಿಯುವ ಉಪಾಯವೆಂದು ಈಗ ನಮಗೆ ತೋರುತ್ತದೆ. ಚಿಲ್ಲದ ಬೀಜವನ್ನು ತೇಯ್ದು ಹಾಕಿದರೆ ಬಗ್ಗಡವು ತಳಕ್ಕೆ ಇಳಿಯುತ್ತದೆ, ನಿಜ. ಕರಗಿದ ಲವಣ ಇಳಿಯುವುದಿಲ್ಲ. ತಾಮ್ರದ ಕೊಡದಲ್ಲಿ ರಾತ್ರಿಯಿಟ್ಟ ನೀರಿನಲ್ಲಿ ರೋಗಾಣುಗಳು ಸಾಯುತ್ತವೆ, ಅದೂ ನಿಜ. ನೈಟ್ರೇಟು ಸಾಯುವ ಜೀವಿಯಲ್ಲ. ತುಳಸಿ, ಲಾವಂಚ, ಶುಂಠಿ ಇವುಗಳಿಂದಲೂ ಅದು ಹೋಗದು. ಕಸದ ಗುಂಡಿಯ ಪಕ್ಕದ ನೀರಿಗೆ ಮನೆಮದ್ದು ಹೇಳುವ ವೈದ್ಯರನ್ನು, ಆ ವೈದ್ಯರು ನಾವೇ ಆಗಿದ್ದರೂ, ದಯವಿಟ್ಟು ನಂಬಬೇಡಿ.

ಕಸದ ಗುಂಡಿಯಿಂದ ಬಾವಿಗೆ ಈ ದೋಷ ಸಾಗುವ ಬಗೆಯನ್ನು ತಿಳಿಯುವುದು ಕಷ್ಟವೇನಲ್ಲ. ಅಡುಗೆಮನೆಯ ಹಸಿ ಕಸವು ಒಂದರ ಮೇಲೊಂದು ಬಿದ್ದು ಗಾಳಿಯಾಡದೆ ಕೊಳೆಯುತ್ತದೆ. ಅದರ ಸ್ವಂತ ತೇವ, ಮೇಲಿನಿಂದ ಬಿದ್ದ ಮಳೆ ಎರಡೂ ರಾಶಿಯೊಳಗೆ ಇಳಿದು, ಕಷಾಯದ ಪಾತ್ರೆಯಲ್ಲಿ ಬೇರು ತೊಗಟೆಗಳ ಸಾರವು ನೀರಿಗೆ ಇಳಿಯುವಂತೆ, ಕಸದ ಸಾರವನ್ನೆಲ್ಲ ಹೀರಿಕೊಂಡು ಕೆಳಗೆ ಬರುತ್ತವೆ. ತಜ್ಞರು ಲೀಚೆಟ್ ಎಂದು ಕರೆಯುವ ಈ ಕಪ್ಪು ದ್ರವವನ್ನು ನಾವು ಕೊಳೆರಸವೆನ್ನೋಣ. ಅದರಲ್ಲಿ ಸಾವಯವ ಕಲ್ಮಶ, ಅಮೋನಿಯಾ, ಕ್ಲೋರೈಡು, ಕಬ್ಬಿಣ, ಮ್ಯಾಂಗನೀಸು ಇರುತ್ತವೆ. ಬ್ಯಾಟರಿ, ಬಣ್ಣ, ಮುರಿದ ಬಲ್ಬು ಇಂಥವು ಸೇರಿದ್ದರೆ ಸೀಸ, ಕ್ಯಾಡ್ಮಿಯಂ, ಪಾದರಸಗಳೂ ಇರಬಹುದು. ಭಾರಲೋಹಗಳನ್ನು ಮಣ್ಣು ಬಹುಮಟ್ಟಿಗೆ ತನ್ನಲ್ಲೇ ಹಿಡಿದುಕೊಳ್ಳುವುದರಿಂದ ಅವು ನಿಧಾನವಾಗಿ ಸಾಗುತ್ತವೆ. ಕ್ಲೋರೈಡು ಹಾಗಲ್ಲ, ಯಾವುದಕ್ಕೂ ಅಂಟದೆ ನೀರಿನೊಡನೆ ನೀರಾಗಿ ಹರಿಯುತ್ತದೆ. ಆದ್ದರಿಂದ ಬಾವಿಯಲ್ಲಿ ಕ್ಲೋರೈಡು ಏರತೊಡಗಿದರೆ ಹಿಂದೆ ಇನ್ನೇನೋ ಬರುತ್ತಿದೆಯೆಂದು ಅನುಮಾನಿಸಬೇಕು. ಅಮೋನಿಯಾವು ಗಾಳಿಯಿರುವ ಮಣ್ಣಿಗೆ ತಾಗಿದಾಗ ನೈಟ್ರೇಟಾಗುತ್ತದೆ.

ನಮ್ಮ ಸೀಮೆಯ ಭೂಮಿ ಹೆಚ್ಚಾಗಿ ಗಟ್ಟಿಕಲ್ಲಿನದು. ಇಲ್ಲಿ ಅಂತರ್ಜಲವು ಮರಳಿನಲ್ಲಿ ಹರಿಯುವಂತೆ ಎಲ್ಲ ಕಡೆಗೂ ಸಮನಾಗಿ ಹರಿಯುವುದಿಲ್ಲ, ಬಂಡೆಯ ಬಿರುಕುಗಳನ್ನು ಹಿಡಿದು ಹೋಗುತ್ತದೆ. ಹೀಗಾಗಿ ಗುಂಡಿಯ ಪಕ್ಕದ ಬಾವಿ ಚೆನ್ನಾಗಿದ್ದು ಅರ್ಧ ಮೈಲಿ ದೂರದ ಕೊಳವೆಬಾವಿ ಕೆಟ್ಟಿರುವುದುಂಟು. ಒಂದು ಬಾವಿಯನ್ನು ನೋಡಿ ಊರಿಗೆಲ್ಲ ಅಭಯ ಕೊಡಲಾಗದು. ಒಂದು ಬಾವಿಯನ್ನು ನೋಡಿ ಊರನ್ನೆಲ್ಲ ಹೆದರಿಸುವುದೂ ಸಲ್ಲದು. ಇಷ್ಟಾಗಿಯೂ ನಮ್ಮಲ್ಲಿ ಹಲವು ಪುರಸಭೆಗಳಿಗೆ ಕಸ ಸುರಿಯಲು ಸಿಗುವ ಜಾಗವೆಂದರೆ ಕಲ್ಲು ತೆಗೆದು ಬಿಟ್ಟ ಹಳೆಯ ಕ್ವಾರಿ. ಮದ್ದು ಸಿಡಿಸಿ ಬಿರುಕು ಹೆಚ್ಚಿಸಿದ ಬಂಡೆಯ ಮೇಲೆಯೇ ಕೊಳೆರಸವನ್ನು ನಿಲ್ಲಿಸುತ್ತೇವೆ. ಆ ವೃದ್ಧೆಯ ಬಾವಿಯ ಮಗ್ಗುಲಲ್ಲಿ ಇದ್ದುದೂ ಇಂತಹ ಕ್ವಾರಿಯೇ. ಅದರ ಗೇಟಿನ ಮೇಲೆ ‘ವೈಜ್ಞಾನಿಕ ಘನತ್ಯಾಜ್ಯ ವಿಲೇವಾರಿ ಘಟಕ’ ಎಂಬ ಫಲಕ ಈಗಲೂ ಇದೆ.

ವೈಜ್ಞಾನಿಕವೆಂದರೆ ಏನೆಂಬುದನ್ನು ಸರ್ಕಾರವೇ ಬರೆದಿಟ್ಟಿದೆ. 1996ರಲ್ಲಿ ಬೆಂಗಳೂರಿನ ಅಲ್ಮಿತ್ರಾ ಪಟೇಲ್ ಅವರು ಸುಪ್ರೀಂ ಕೋರ್ಟಿಗೆ ಸಲ್ಲಿಸಿದ ಅರ್ಜಿಯ ಫಲವಾಗಿ 2000ದಲ್ಲಿ ದೇಶಕ್ಕೆ ಮೊದಲ ಬಾರಿಗೆ ಪುರಸಭಾ ಘನತ್ಯಾಜ್ಯದ ನಿಯಮಗಳು ಬಂದವು. 2016ರಲ್ಲಿ ಅವುಗಳನ್ನು ವಿಸ್ತರಿಸಿ ಹೊಸ ನಿಯಮಗಳನ್ನು ಮಾಡಲಾಯಿತು. ಆ 2016ರ ನಿಯಮಗಳನ್ನು ನಾವು ಕನ್ನಡಕವನ್ನು ಎರಡು ಬಾರಿ ಒರೆಸಿಕೊಂಡು ಓದಿದೆವು, ಏಕೆಂದರೆ ಅಲ್ಲಿ ಬರೆದುದಕ್ಕೂ ನಮ್ಮ ಕ್ವಾರಿಗೂ ಸಂಬಂಧವೇ ಕಾಣಲಿಲ್ಲ. ಭೂಭರ್ತಿಯು ಜನವಸತಿಯಿಂದಲೂ ಕುಡಿಯುವ ನೀರಿನ ಬಾವಿಯಿಂದಲೂ 200 ಮೀಟರ್, ನದಿಯಿಂದ 100 ಮೀಟರ್ ದೂರವಿರಬೇಕು. ತಳದಲ್ಲಿ ನೀರು ಜಿನುಗದ 90 ಸೆಂಟಿಮೀಟರ್ ಜೇಡಿಮಣ್ಣಿನ ಪದರ, ಅದರ ಮೇಲೆ 1.5 ಮಿಲಿಮೀಟರ್ ದಪ್ಪದ ಪ್ಲಾಸ್ಟಿಕ್ ಹಾಸು ಇರಬೇಕು. ಅಂತರ್ಜಲ ಎಷ್ಟೇ ಮೇಲೇರಿದರೂ ಆ ಜೇಡಿಪದರದ ಬುಡಕ್ಕಿಂತ ಕನಿಷ್ಠ 2 ಮೀಟರ್ ಕೆಳಗೇ ಇರಬೇಕು. ಕೊಳೆರಸವನ್ನು ಕೂಡಿಸಿ ಶುದ್ಧೀಕರಿಸಬೇಕು. ಕಸ ಹಾಕುವುದು ನಿಂತ ಮೇಲೂ 15 ವರ್ಷ ನೋಡಿಕೊಳ್ಳಬೇಕು.

ಇದಕ್ಕೂ ಮೊದಲಿನ ಮಾತೊಂದು ಆ ನಿಯಮಗಳಲ್ಲಿದೆ. ಭೂಭರ್ತಿಗೆ ಹೋಗಬೇಕಾದದ್ದು ಬಳಸಲೂ ಬಾರದ, ಕೊಳೆಯಲೂ ಬಾರದ, ಸುಡಲೂ ಬಾರದ ಕಡೆಯ ಕಸ ಮಾತ್ರ. ಹಸಿ ಕಸಕ್ಕೆ ಅಲ್ಲಿ ಪ್ರವೇಶವೇ ಇಲ್ಲ. ಹಾಗಾದರೆ ದೂರದಿಂದಲೇ ಮೂಗು ಮುಚ್ಚಿಕೊಳ್ಳುವಂತೆ ನಾರುವ ಭೂಭರ್ತಿಯು, ಬೇರೆ ಯಾವ ಪರೀಕ್ಷೆಯೂ ಇಲ್ಲದೆ, ನಿಯಮ ಮುರಿದಿದೆಯೆಂದು ತನ್ನ ವಾಸನೆಯಿಂದಲೇ ಸಾರುತ್ತಿದೆ.

ನೀರಿನ ಬಗೆಗಂತೂ ನಿಯಮಗಳು ಸ್ಪಷ್ಟ. ಘಟಕವನ್ನು ಆರಂಭಿಸುವ ಮುನ್ನವೇ ಆ ಪ್ರದೇಶದ ಅಂತರ್ಜಲವನ್ನು ಪರೀಕ್ಷಿಸಿ ದಾಖಲೆಯಿಡಬೇಕು. ಆಮೇಲೆ ಗಡಿಯಿಂದ 50 ಮೀಟರ್ ಒಳಗಿನ ಅಂತರ್ಜಲವನ್ನು ಬೇಸಿಗೆಯಲ್ಲಿ, ಮಳೆಗಾಲದಲ್ಲಿ, ಮಳೆ ನಿಂತ ಮೇಲೆ ಪರೀಕ್ಷಿಸುತ್ತಿರಬೇಕು. ಮೊದಲ ದಾಖಲೆಗೆ ನಾವು ಬಹಳ ಬೆಲೆ ಕೊಡುತ್ತೇವೆ. ಏಕೆಂದರೆ ನೈಟ್ರೇಟು ಕಸದಿಂದ ಮಾತ್ರ ಬರುವುದಿಲ್ಲ. ಹೊಲಕ್ಕೆ ಹಾಕಿದ ಯೂರಿಯಾದಿಂದಲೂ ಶೌಚದ ಗುಂಡಿಯಿಂದಲೂ ತಿಪ್ಪೆಯಿಂದಲೂ ಬರುತ್ತದೆ. ರೋಗಿಯು ಜ್ವರವೆಂದು ಬಂದಾಗ ಮೊದಲಿನ ಪ್ರಕೃತಿ ಹೇಗಿತ್ತೆಂದು ವೈದ್ಯನು ಕೇಳುವಂತೆ, ಬಾವಿಯ ಮೊದಲಿನ ಸ್ಥಿತಿ ಹೇಗಿತ್ತೆಂದು ಕೇಳದೆ ನಿದಾನವಾಗದು. ಆ ದಾಖಲೆ ಇಲ್ಲದಿದ್ದರೆ ಅಧಿಕಾರಿಯು “ಈ ನೀರು ಮೊದಲಿನಿಂದಲೂ ಹೀಗೆಯೇ ಇತ್ತು” ಎನ್ನುತ್ತಾನೆ, ರೈತನು “ಇರಲಿಲ್ಲ” ಎನ್ನುತ್ತಾನೆ, ಇಬ್ಬರ ಬಳಿಯೂ ಕಾಗದವಿರುವುದಿಲ್ಲ. ಕಾಗದವಿಲ್ಲದ ವಾದದಲ್ಲಿ ಸೋಲುವವನು ಯಾವಾಗಲೂ ರೈತನೇ.

ನಮ್ಮದು ಸಣ್ಣ ಊರಿನ ಸಣ್ಣ ಗುಂಡಿ. ಇದೇ ಸಂಗತಿಯನ್ನು ದೊಡ್ಡ ಪ್ರಮಾಣದಲ್ಲಿ ಕಾಣಬೇಕಾದರೆ ಬೆಂಗಳೂರಿನ ಉತ್ತರಕ್ಕೆ, ಯಲಹಂಕದ ಆಚೆ, ಅರ್ಕಾವತಿಯ ಜಲಾನಯನದಲ್ಲಿರುವ ಮಾವಳ್ಳಿಪುರವನ್ನು ನೆನೆಯಬೇಕು. ಹಿಂದಿನ ದಶಕದ ಪತ್ರಿಕೆಗಳನ್ನು ಓದಿದವರಿಗೆ ಆ ಹೆಸರು ಮರೆತಿರಲಾರದು. ಮಹಾನಗರದ ಕಸವು 2005ರ ಸುಮಾರಿನಿಂದ ಅಲ್ಲಿಗೆ ಹೋಗತೊಡಗಿತು. ದಿನಕ್ಕೆ 600 ಟನ್ ತಾಳಬಲ್ಲ ಜಾಗಕ್ಕೆ ಸಾವಿರ ಟನ್ನಿನ ಸನಿಹ ಸುರಿಯಲಾಯಿತು. ಹಳ್ಳಿಗರು ವರ್ಷಗಟ್ಟಲೆ ದೂರಿದರು, ರಸ್ತೆಗೆ ಅಡ್ಡ ಕುಳಿತರು. ಕಡೆಗೆ 2012ರ ಜುಲೈಯಲ್ಲಿ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯು ಘಟಕವನ್ನು ಮುಚ್ಚಲು ಆದೇಶಿಸಿತು. ಆಗ ಬೆಂಗಳೂರಿನ ಬೀದಿಬೀದಿಯಲ್ಲಿ ಕಸದ ಗುಡ್ಡಗಳು ಎದ್ದವು. ನಗರವಾಸಿಗಳಿಗೆ ಮಾವಳ್ಳಿಪುರವೆಂಬ ಊರಿದೆಯೆಂದು ತಿಳಿದದ್ದು ಆಗಲೇ. ಕಸದ ಹೊರೆ ಮಂಡೂರಿನ ಮೇಲೆ ಬಿತ್ತು. 2014ರಲ್ಲಿ ಮಂಡೂರಿನವರೂ ಎದ್ದು ನಿಂತರು, ಆ ವರ್ಷದ ಕೊನೆಗೆ ಅಲ್ಲಿಯೂ ಕಸ ಸುರಿಯುವುದು ನಿಂತಿತು.

ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಮಾವಳ್ಳಿಪುರದ ಕೊಳೆರಸವನ್ನು ಪರೀಕ್ಷಿಸಿ 2017ರಲ್ಲಿ ಪ್ರಬಂಧ ಪ್ರಕಟಿಸಿದರು. ಕಸ ಸುರಿಯುವುದು ನಿಂತರೂ ಕೊಳೆರಸ ನಿಂತಿರಲಿಲ್ಲ. ಅದು ಹೇಗೆ ನಿಂತೀತು? ಬೀಗ ಹಾಕಿದ್ದು ಗೇಟಿಗೆ, ಮಳೆಗಲ್ಲ. ರಾಶಿ ಇರುವವರೆಗೆ ಪ್ರತಿ ಮುಂಗಾರಿನಲ್ಲೂ ಹೊಸ ಕಷಾಯ ಇಳಿಯುತ್ತಲೇ ಇರುತ್ತದೆ. ಮುಚ್ಚಿದ ಮೇಲಿನ 15 ವರ್ಷಗಳ ಆರೈಕೆಯನ್ನು 2012ರಿಂದ ಲೆಕ್ಕ ಹಿಡಿದರೂ ಅದು 2027ರವರೆಗೆ ಬರುತ್ತದೆ. ಒಂದು ಘಟಕವನ್ನು ಮುಚ್ಚಿಸಿದ ದಿನ ಊರವರು ಪಟಾಕಿ ಹಾರಿಸುವುದು ಸಹಜ; ಆದರೆ ಅಂದಿನಿಂದ ಅಧಿಕಾರಿಗಳೂ ಪತ್ರಕರ್ತರೂ ಅತ್ತ ಬರುವುದನ್ನು ಬಿಡುತ್ತಾರೆ, ಬಾವಿಗಳನ್ನು ಕೇಳುವವರಿರುವುದಿಲ್ಲ. ಶಸ್ತ್ರಚಿಕಿತ್ಸೆ ಮಾಡಿ ಗಾಯಕ್ಕೆ ಪಟ್ಟಿ ಕಟ್ಟದೆ ಮನೆಗೆ ಕಳುಹಿಸಿದಂತೆ.

ಚರಕ ಸಂಹಿತೆಯ ವಿಮಾನಸ್ಥಾನದಲ್ಲಿ ಜನಪದೋದ್ಧ್ವಂಸದ ಅಧ್ಯಾಯವೊಂದಿದೆ. ಪಾಂಚಾಲದ ಕಾಂಪಿಲ್ಯದಲ್ಲಿ, ಗಂಗೆಯ ದಡದ ಕಾಡಿನಲ್ಲಿ ಅಡ್ಡಾಡುತ್ತ ಆತ್ರೇಯರು ಶಿಷ್ಯ ಅಗ್ನಿವೇಶನಿಗೆ ಹೇಳಿದ ಮಾತುಗಳವು. ಬೇರೆ ಬೇರೆ ಪ್ರಕೃತಿಯ, ಆಹಾರದ, ವಯಸ್ಸಿನ ಜನರೆಲ್ಲ ಒಟ್ಟಿಗೆ ರೋಗಕ್ಕೆ ಬೀಳುವುದು ಹೇಗೆಂದು ಶಿಷ್ಯನು ಕೇಳಿದಾಗ, ಎಲ್ಲರಿಗೂ ಸಮಾನವಾದ ವಾಯು, ಜಲ, ದೇಶ, ಕಾಲಗಳು ಕೆಡುವುದರಿಂದ ಎಂದು ಗುರುಗಳು ಹೇಳುತ್ತಾರೆ. ಕೆಟ್ಟ ನೀರಿನ ಲಕ್ಷಣವಾಗಿ ಅದರ ವಿಕೃತ ಗಂಧ ವರ್ಣ ರಸಗಳನ್ನೂ ಜಲಪಕ್ಷಿಗಳು ಅದನ್ನು ಬಿಟ್ಟು ಹೋಗುವುದನ್ನೂ ಹೇಳುತ್ತಾರೆ. ನಮ್ಮನ್ನು ವಿದ್ಯಾರ್ಥಿದೆಸೆಯಲ್ಲಿ ಹೆಚ್ಚು ತಟ್ಟದಿದ್ದ, ಈಗ ಬಹಳ ತಟ್ಟುವ ಭಾಗ ಅದರ ಮುಂದಿನದು. ಇವೆಲ್ಲ ಕೆಡುವುದಕ್ಕೆ ಮೂಲವೇನೆಂದರೆ, ದೇಶ ನಗರಗಳ ಪ್ರಮುಖರು ಧರ್ಮವನ್ನು ಮೀರಿ ನಡೆದಾಗ ಅವರ ಕೆಳಗಿನವರೂ, ಪಟ್ಟಣಿಗರೂ, ವ್ಯವಹಾರದಿಂದ ಬದುಕುವವರೂ ಆ ಅಧರ್ಮವನ್ನು ಬೆಳೆಸುತ್ತಾರೆಂದು ಅಲ್ಲಿದೆ. ಪರೀಕ್ಷೆಗೆ ನಾವು ಈ ಭಾಗವನ್ನು ಬಾಯಿಪಾಠ ಮಾಡಿದ್ದೆವು, ಅಷ್ಟೇ. ವೈದ್ಯಗ್ರಂಥದಲ್ಲಿ ಆಡಳಿತದ ಮಾತೇಕೆಂದು ಅಂದು ತೋರಿತ್ತು. ಇಂದು ಆ ಬಾವಿಯ ವರದಿಯನ್ನು ಎದುರಿಗಿಟ್ಟುಕೊಂಡು ಓದಿದರೆ, ನೀರಿನ ರೋಗಕ್ಕೆ ನಿದಾನವನ್ನು ವೈದ್ಯನು ಪುರಸಭೆಯ ಕಡತದಲ್ಲಿಯೂ ಹುಡುಕಬೇಕೆಂದು ಆತ್ರೇಯರೇ ಹೇಳಿದಂತಿದೆ.

ಹುಡುಕಿದೆವು. ಮಾಹಿತಿ ಹಕ್ಕಿನಡಿ ನಮ್ಮ ಊರಿನ ಪುರಸಭೆಗೆ ಅರ್ಜಿ ಸಲ್ಲಿಸಿ ಮೂರನ್ನು ಕೇಳಿದೆವು: ಘಟಕ ಆರಂಭವಾಗುವ ಮುನ್ನಿನ ನೀರಿನ ವರದಿ, ಹಿಂದಿನ ವರ್ಷದ ಮೂರು ಕಾಲಗಳ ವರದಿ, ಮಾಲಿನ್ಯ ನಿಯಂತ್ರಣ ಮಂಡಳಿ ಕೊಟ್ಟ ಅನುಮತಿಯ ಪ್ರತಿ. ಮೂವತ್ತು ದಿನಗಳಲ್ಲಿ ಉತ್ತರ ಬರಬೇಕು, ನಲವತ್ತೈದನೆಯ ದಿನ ಬಂತು. ಮೊದಲನೆಯದು ಲಭ್ಯವಿಲ್ಲ. ಮೂರನೆಯದರ ಅವಧಿ ಮುಗಿದು ನವೀಕರಣಕ್ಕೆ ಬರೆಯಲಾಗಿದೆ. ಎರಡನೆಯದಕ್ಕೆ ಒಂದು ಹಾಳೆ ಲಗತ್ತಿಸಿದ್ದರು. ಎಲ್ಲ ಅಂಕಿಗಳೂ ಮಿತಿಯೊಳಗೆ, ಅಮೃತದಂಥ ನೀರು. ಮಾದರಿ ತೆಗೆದ ಸ್ಥಳವೆಂಬ ಕಲಮನ್ನು ನೋಡಿದರೆ ‘ಕಚೇರಿ ಆವರಣದ ನಲ್ಲಿ’ ಎಂದಿತ್ತು. ನದಿಯಿಂದ ಬರುವ ಪಟ್ಟಣದ ನಲ್ಲಿನೀರನ್ನು ಪರೀಕ್ಷಿಸಿ ಕಸದ ಗುಂಡಿಯ ಕಡತಕ್ಕೆ ಸೇರಿಸಿದ್ದರು. ಕೊಟ್ಟ ಗುಮಾಸ್ತರಿಗೆ ಅದು ತಪ್ಪೆಂದೂ ತೋರಿರಲಿಲ್ಲ. ‘ನೀರಿನ ವರದಿ’ ಕೇಳಿದಿರಿ, ನೀರಿನ ವರದಿ ಕೊಟ್ಟಿದ್ದೇವೆ ಎಂದರು. ಅವರ ಮೇಲೆ ನಮಗೆ ಕೋಪ ಬರಲಿಲ್ಲ. ಆ ಕಡತವನ್ನು ಅದುವರೆಗೆ ಯಾರೂ ಬಿಚ್ಚಿ ನೋಡಿರಲಿಲ್ಲವೆಂಬುದೇ ನಿಜವಾದ ಕಾರಣ. ಕೇಳುವವರಿಲ್ಲದ ವರದಿಯನ್ನು ಯಾರು ತಾನೇ ಸರಿಯಾಗಿ ಬರೆದಾರು?

ಮೇಲಿನ ದಂಡಗಳಿಂದ ಇದು ಸರಿಹೋಗುವುದೆಂಬ ಭರವಸೆ ನಮಗೆ ಕಡಿಮೆ. ಘನತ್ಯಾಜ್ಯ ಮತ್ತು ಕೊಳಚೆನೀರಿನ ನಿರ್ವಹಣೆಯಲ್ಲಿ ಸೋತುದಕ್ಕೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು 2022ರ ಅಕ್ಟೋಬರಿನಲ್ಲಿ ಕರ್ನಾಟಕ ಸರ್ಕಾರಕ್ಕೆ 2,900 ಕೋಟಿ ರೂಪಾಯಿ ಪರಿಹಾರ ವಿಧಿಸಿತು. ಪತ್ರಿಕೆಗಳಲ್ಲಿ ಎರಡು ದಿನ ದೊಡ್ಡ ಸುದ್ದಿ. ಆ ಮೊತ್ತವು ಜನರ ತೆರಿಗೆಯದೇ. ಒಂದು ಕಿಸೆಯಿಂದ ಇನ್ನೊಂದು ಕಿಸೆಗೆ ಹೋಗುವ ಹಣ. ಅದರಿಂದ ನಾಳೆ ಬೆಳಿಗ್ಗೆ ಯಾವ ಹಳ್ಳಿಯ ಬಾವಿಯನ್ನು ಯಾರು ಪರೀಕ್ಷಿಸುತ್ತಾರೆಂಬುದು ಬೇರೆಯೇ ಪ್ರಶ್ನೆ, ಅದನ್ನು ಆ ಹಳ್ಳಿಯವರೇ ಕೇಳಬೇಕು. ಆ ಕೆಲಸ ಮೊದಲಿನಷ್ಟು ಕಠಿಣವೂ ಅಲ್ಲ. ಜಲಜೀವನ ಮಿಷನ್ನಿನಲ್ಲಿ ಪ್ರತಿ ಹಳ್ಳಿಯ ಐವರು ಮಹಿಳೆಯರಿಗೆ ಕಿಟ್ಟಿನಿಂದ ನೀರು ಪರೀಕ್ಷಿಸುವ ತರಬೇತಿ ಕೊಡಬೇಕೆಂದಿದೆ. ಬಹಳ ಕಡೆ ಕಿಟ್ಟು ಗ್ರಾಮ ಪಂಚಾಯಿತಿಯ ಬೀರುವಿನಲ್ಲಿಯೇ ಇರುತ್ತದೆ. ನಮ್ಮ ಅಕ್ಕನ ಬಳಗದ ತಾಯಂದಿರು ಹೋಗಿ ಕೇಳಿದರೆ ಬೀರು ತೆರೆಯುತ್ತದೆ. ಅದರಲ್ಲಿ ನೈಟ್ರೇಟು, ಕ್ಲೋರೈಡುಗಳ ಅಂದಾಜು ಸಿಗುತ್ತದೆ. ಸಂಶಯ ಬಂದರೆ ಪ್ರಯೋಗಾಲಯಕ್ಕೆ ಕಳುಹಿಸಿ, ವರದಿಯಲ್ಲಿ ಅಂಕಿಗಳಿಗಿಂತ ಮೊದಲು ಮಾದರಿ ತೆಗೆದ ಸ್ಥಳ ಮತ್ತು ದಿನಾಂಕವನ್ನು ಓದಿರಿ. ಗುಂಡಿಗೆ ಮೇಲ್ಗಡೆಯ ಒಂದು ಬಾವಿ, ಕೆಳಗಡೆಯ ಎರಡು ಬಾವಿ ಹೀಗೆ ಒಟ್ಟಿಗೆ ಪರೀಕ್ಷಿಸಿದರೆ ಹೋಲಿಕೆಗೆ ಅನುಕೂಲ.

ಸದ್ಯಕ್ಕೆ ಏನು ಕುಡಿಯಬೇಕೆಂದು ಕೇಳುವಿರಿ. ಹಳ್ಳಿಗಳಲ್ಲಿರುವ ಶುದ್ಧ ಕುಡಿಯುವ ನೀರಿನ ಘಟಕದ ಆರ್‌ಒ ಯಂತ್ರ ಸುಸ್ಥಿತಿಯಲ್ಲಿದ್ದರೆ ನೈಟ್ರೇಟನ್ನು ಬಹುಮಟ್ಟಿಗೆ ತೆಗೆಯುತ್ತದೆ. ಒಳಗಿನ ಪೊರೆಯನ್ನು ಕಾಲಕಾಲಕ್ಕೆ ಬದಲಿಸದಿದ್ದರೆ ಅದೂ ಬರಿಯ ನಲ್ಲಿಯೇ. ಶಿಶುಗಳಿಗೂ ಗರ್ಭಿಣಿಯರಿಗೂ ಪರೀಕ್ಷಿಸಿದ ನೀರನ್ನೇ ಕೊಡಿ. ಶಿಶುವಿನ ತುಟಿ ನೀಲಿಗಟ್ಟಿದ್ದು ಕಂಡರೆ ನಮ್ಮಂಥವರ ಬಳಿಗೆ ಬರದೆ ನೇರವಾಗಿ ಜಿಲ್ಲಾ ಆಸ್ಪತ್ರೆಗೆ ಒಯ್ಯಿರಿ. ಅಲ್ಲಿ ಇದಕ್ಕೆ ಔಷಧವಿದೆ, ತಡಮಾಡುವಂತಿಲ್ಲ.

ಇಷ್ಟು ಬರೆದ ಮೇಲೆ ನಮ್ಮ ಮನೆಯ ಕಸದ ಮಾತನ್ನೂ ಹೇಳದಿದ್ದರೆ ನ್ಯಾಯವಾಗದು. ಅವಧಿ ಮೀರಿದ ಔಷಧಗಳನ್ನು, ಅದರಲ್ಲಿ ಪಾದರಸ ಸೇರಿದ ರಸೌಷಧಿಗಳನ್ನೂ, ನಾವು ವರ್ಷಾನುಗಟ್ಟಲೆ ಸಾಮಾನ್ಯ ಕಸದ ಬುಟ್ಟಿಗೇ ಹಾಕುತ್ತಿದ್ದೆವು. ಜೀವವೈದ್ಯಕೀಯ ತ್ಯಾಜ್ಯದ ನಿಯಮಗಳು ಆಯುಷ್ ಚಿಕಿತ್ಸಾಲಯಗಳಿಗೂ ಅನ್ವಯಿಸುತ್ತವೆಂಬುದನ್ನು ತಡವಾಗಿ ತಿಳಿದೆವು. ಆ ಬಾವಿಗೆ ನಾವೂ ಒಂದು ಚಿಟಿಕೆ ಹಾಕಿದ್ದಿರಬಹುದು. ಶ್ರೀಮಠದ ಜಾತ್ರೆಯಲ್ಲಿಯೂ ಹಿಂದೆ ಮುತ್ತುಗದ ಎಲೆಯಲ್ಲಿ ಪ್ರಸಾದವಾಗುತ್ತಿತ್ತು, ಎಲೆ ತಿಪ್ಪೆಗೆ ಹೋಗಿ ಗೊಬ್ಬರವಾಗುತ್ತಿತ್ತು. ಈಗ ಹೊಳೆಯುವ ಪದರದ ಕಾಗದದ ತಟ್ಟೆಯೊಡನೆ ಉಳಿದ ಅನ್ನಸಾರುಗಳೆಲ್ಲ ಒಂದೇ ಚೀಲದಲ್ಲಿ ಕಟ್ಟಿ ಟ್ರ್ಯಾಕ್ಟರಿನಲ್ಲಿ ಹೋಗುತ್ತವೆ. ಎಲ್ಲಿಗೆಂದರೆ ಅದೇ ಕ್ವಾರಿಗೆ. ಹಸಿ ಕಸ ಅಲ್ಲಿಗೆ ಹೋಗದಿದ್ದರೆ ಕೊಳೆರಸದ ಉಗ್ರತೆ ಬಹುಪಾಲು ತಗ್ಗುತ್ತದೆ. ಈ ಸಂಗತಿಯನ್ನು ಪೂಜ್ಯರ ಸನ್ನಿಧಿಯಲ್ಲಿ ಬಿನ್ನವಿಸಿಕೊಂಡಿದ್ದೇವೆ. ಬರುವ ಜಾತ್ರೆಯ ದಾಸೋಹದ ಹಸಿ ಕಸವನ್ನು ಮಠದ ತೋಟದಲ್ಲಿಯೇ ಗೊಬ್ಬರದ ಗುಂಡಿಗೆ ಹಾಕಲು ಅಪ್ಪಣೆಯಾಗಿದೆ. ತಟ್ಟೆಯ ವಿಚಾರ ಇನ್ನೂ ಚರ್ಚೆಯಲ್ಲಿದೆ. ಮುತ್ತುಗದ ಎಲೆ ಹಚ್ಚುವವರು ಈಗ ಎಲ್ಲಿದ್ದಾರೆಂದು ಕೆಲವರು ಕೇಳಿದರು, ಸುಳ್ಳು ಪ್ರಶ್ನೆಯಲ್ಲ.

ಪುರಸಭೆಯ ಉತ್ತರದ ಮೇಲೆ ನಾವು ಮೇಲ್ಮನವಿ ಸಲ್ಲಿಸಿದೆವು. ಅದರ ವಿಚಾರಣೆಯಲ್ಲಿ ಪರಿಸರ ಅಭಿಯಂತರರು ಗುಂಡಿಯ ಸುತ್ತಣ ಮೂರು ಬಾವಿಗಳಿಂದ ಮಾದರಿ ತೆಗೆಸಲು ಒಪ್ಪಿದ್ದಾರೆ. ಮೂರರಲ್ಲಿ ಒಂದು ಆ ವೃದ್ಧೆಯ ಬಾವಿ. ಅವರು ಹೋದ ವರ್ಷ ಲಿಂಗೈಕ್ಯರಾದರು. ಬಾವಿಗೆ ಈಗ ಮುಳ್ಳುಬೇಲಿ ಕಟ್ಟಿದ್ದಾರೆ, ದನಗಳಿಗೂ ಆ ನೀರು ಕುಡಿಸುವುದಿಲ್ಲ. ಮಾದರಿ ತೆಗೆಯುವ ದಿನ ತಾನೇ ಬೇಲಿ ಬಿಚ್ಚಿಕೊಡುವುದಾಗಿ ಅಳಿಯ ಹೇಳಿದ್ದಾನೆ. ನಾವೂ ಹೋಗುತ್ತಿದ್ದೇವೆ, ಬಾಟಲಿಯ ಮೇಲೆ ಸ್ಥಳದ ಹೆಸರನ್ನು ಎದುರಿಗೇ ಬರೆಸಲು.